ಅಂದಾಜು ಪಟ್ಟಿ

ಕೋಪರೇಟಿವ್ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ
ಊರವರ ಸಾಲಕ್ಕೆಲ್ಲ ಗೆರೆ ಎಳೆದವಳು ನಾನು.
ಈಗ ನಜರ್‌ಬಾದಿನ ಮನೆಯ ಊಟದ ಮೇಜಿನ ಮೇಲೆ
ಹಳೇ ಲೆಡ್ಜರಿನ ಖಾಲಿ ಹಾಳೆ, ಕೆಂಪು ಪೆನ್ನು, ಚುರುಮುರಿ.
ಎದುರಿಗೆ ಇವರು, ಗೋಪಾಲರಾಜೇ ಅರಸ್, ಎಪ್ಪತ್ತೆರಡು,
ಮೊದಲ ಸಲ ಆಫ್ರಿಕಾಕ್ಕೆ ಬೇಟೆಗೆ ಹೊರಟವರು.

ಬರಿ, ಅಂದರು. ಬರೆದೆ.

ವಿಮಾನ, ವಿಂಡ್‌ಹುಕ್ಕಿಗೆ, ಎರಡು ಕಡೆ ಇಳಿದು ಹತ್ತಿ.
ಮಲೇರಿಯಾ ಮಾತ್ರೆ. ವಿಮೆ.
ಬಾಡಿಗೆ ಕೋವಿ ದಿನದ ಲೆಕ್ಕ, ತೋಟಾ ಒಂದೊಂದರ ಲೆಕ್ಕ.
ಮಾವನವರ ಜೋಡಿನಳಿಗೆ
ಎಲೆಕ್ಷನ್ ಅಂತ ಠಾಣೆಗೆ ಕೊಟ್ಟದ್ದು,
ಮೂರು ಎಲೆಕ್ಷನ್ ಕಳೆದರೂ ಇವರು ವಾಪಸು ತಂದಿಲ್ಲ.

ಬೇಟೆಯಾಡುವವರಿಗೆ ದಿನಕ್ಕೆ ಮುನ್ನೂರೈವತ್ತು ಡಾಲರ್.
ಬೇಟೆಯಾಡದೆ ಜೊತೆಯಲ್ಲಿ ಸುಮ್ಮನೆ ನೋಡುತ್ತ ಕೂತವರಿಗೆ
ನೂರ ಇಪ್ಪತ್ತು.
ಕನ್ನಡಕ ತೆಗೆದು ಒರೆಸಿಕೊಂಡೆ.
ನೋಡುತ್ತ ಕೂತದ್ದಕ್ಕೂ ದುಡ್ಡು ಕೊಡಬೇಕಂತೆ!
ನಲವತ್ತಾರು ವರ್ಷದಿಂದ ಅದನ್ನೇ ಮಾಡಿದ್ದೇನೆ,
ಪುಕ್ಕಟೆ.

ಅಷ್ಟರಲ್ಲಿ ಝೂ ಕಡೆಯಿಂದ ಸಿಂಹ ಕೂಗಿತು.
ಅಗೋ ಆಫ್ರಿಕಾ, ಆಟೋಗೆ ಮೂವತ್ತು ರೂಪಾಯಿ, ಅಂದೆ.
ನಗಲಿಲ್ಲ. ಪ್ರಾಣಿಗಳ ದರ ಬರಿ, ಅಂದರು.

ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ವೀಳ್ಯದೆಲೆಗೆ
ಅರ್ಧ ಗಂಟೆ ಚೌಕಾಸಿ ಮಾಡುವವರು
ಕೂಡುವಿನ ಬೆಲೆಗೆ ಕಣ್ಣೂ ಪಿಳುಕಿಸಲಿಲ್ಲ.
ಕೂಡು ಅಂದರೆ ತಿರುಪು ಕೊಂಬಿನದು, ಕಡವೆಯಷ್ಟು ದೊಡ್ಡದು.
ಅದರ ಒಂದು ತಲೆಗೂ ಇವರ ಎಡ ಮೊಳಕಾಲಿಗೂ
ಹೆಚ್ಚುಕಡಿಮೆ ಒಂದೇ ರೇಟು, ಆಸ್ಪತ್ರೆಯವರು ಹೇಳಿದ್ದು.
ಕುಂಟಿಕೊಂಡೇ ಹೋಗ್ತೀನಿ ಬಿಡು.

ತಲೆಯನ್ನು ಮನೆಗೆ ತರುವುದು ಸುಲಭವಿಲ್ಲ,
ಕಾಗದ, ಕಸ್ಟಮ್ಸು, ಕಾನೂನು. ಒಳ್ಳೆಯದೇ ಆಯಿತು.
ಗೋಡೆಯ ಮೇಲಿನ ಜಿಂಕೆಗೆ ಗಾಜಿನ ಕಣ್ಣು ಉದುರಿದಾಗ
ಕೋಟಿನ ಗುಂಡಿ ಹೊಲಿದವಳು ನಾನು.
ಇನ್ನೊಂದನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಲಾರೆ.

ಇನಾಮು: ಚರ್ಮ ಸುಲಿಯುವವನಿಗೆ, ಅಡುಗೆಯವಳಿಗೆ,
ಜಾಡು ಹಿಡಿಯುವವನಿಗೆ.
ಅವನಿಗೆ ಎರಡರಷ್ಟು ಬರಿ, ಅಂದರು.
ಬರೆದೆ. ಯಾಕೆ ಅಂತ ಕೇಳಲಿಲ್ಲ.

ಕೊನೆಯ ಪುಟದಲ್ಲಿ ಸಣ್ಣ ಅಕ್ಷರ.
ಬ್ಯಾಂಕಿನವಳಿಗೆ ಅದೇ ಮೊದಲು ಕಾಣುವುದು.
ಗಾಯವಾಗಿ ತಪ್ಪಿಸಿಕೊಂಡರೂ ಪೂರ್ತಿ ಬೆಲೆ.
ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಸತ್ತ ಲೆಕ್ಕ.

ಗಟ್ಟಿಯಾಗಿ ಓದಿದೆ.
ಚುರುಮುರಿ ಅವರ ಕೈಯಲ್ಲೇ ಉಳಿಯಿತು.
ಸರಿಯಾಗೇ ಇದೆ, ಅಂದರು, ಬಹಳ ಹೊತ್ತಿನ ಮೇಲೆ.

ಪಾಂಡವಪುರದ ಹತ್ತಿರ. ಅರವತ್ತೊಂಬತ್ತು. ನನಗೆ ಹದಿನೇಳು.
ಅಪ್ಪಾಜಿಯ ಕೋವಿ. ಕಬ್ಬಿನ ಗದ್ದೆಯ ಅಂಚಲ್ಲೊಂದು ಹೆಣ್ಣುಹಂದಿ.
ಏಟು ಹಿಂಗಾಲಿಗೋ ಹೊಟ್ಟೆಗೋ, ಒಳಗೆ ನುಗ್ಗಿಬಿಟ್ಟಿತು.
ಗರಿಯ ಮೇಲೆ ರಕ್ತ ಇತ್ತು, ಇಗೋ, ಇಷ್ಟೆತ್ತರಕ್ಕೆ.
ನಾಲೆಯ ತನಕ ಹುಡುಕಿದೆ. ನೀರು ಬಿಟ್ಟಿದ್ದರು.
ಮನೆಗೆ ಬಂದು ಏಟು ತಪ್ಪಿತು ಅಂದೆ.
ತಪ್ಪಿರಲಿಲ್ಲ.

ನೋಡುತ್ತ ಕೂತವಳು ನಾನು,
ಇದನ್ನು ಕಂಡಿರಲಿಲ್ಲ.

ಒಟ್ಟು ಹನ್ನೊಂದು ಲಕ್ಷದ ನಲವತ್ತು ಸಾವಿರ.
ಠೇವಣಿ ಮುರಿಯುವುದೋ ಬಿಡುವುದೋ, ಅದು ನಾಳೆಯ ಮಾತು.
ಮೊತ್ತದ ಕೆಳಗೆ ಎರಡು ಗೆರೆ ಎಳೆಯುವುದು ನನ್ನ ಅಭ್ಯಾಸ.
ಎಳೆಯಲಿಲ್ಲ. ಇನ್ನೊಂದು ಸಾಲು ಬರೆದೆ:
ಹಂದಿ, ಹೆಣ್ಣು, ಒಂದು. ಪಾಂಡವಪುರ. ಸಿಕ್ಕಿಲ್ಲ.
ದರದ ಕಲಮಿನ ಮೇಲೆ ಪೆನ್ನು ನಿಲ್ಲಿಸಿ
ಅವರ ಮುಖ ನೋಡಿದೆ.

ಅವರು ಮೊಳಕಾಲು ಉಜ್ಜಿಕೊಳ್ಳುತ್ತಿದ್ದರು.